ಗುಳಿಗಳು ಹಳದಿಯಾದ ವರ್ಷ

ಇಲ್ಲಿ ಬರೆದದ್ದೆಲ್ಲ ಹೀಗೇ ನಡೆಯಿತು ಎಂದು ನಾನು ಆಣೆ ಮಾಡಲಾರೆ. ಕೆಲಸಕ್ಕೆ ಸೇರಿದಂದಿನಿಂದ ದಿನಚರಿ ಬರೆಯುತ್ತ ಬಂದವಳು ನಾನು, ಆದರೆ ನನ್ನ ದಿನಚರಿ ತೀರ ಜಿಪುಣ. "ಮಧ್ಯಾಹ್ನ ಕರೆಂಟಿಲ್ಲ. ಐದನೇ ಜೋಡಣೆ ಮುಗಿಯಿತು. ಐಸ್ ಸಾಲಲಿಲ್ಲ" ಎಂಬಂಥ ಸಾಲುಗಳು. ಉಳಿದದ್ದನ್ನು ನೆನಪು ತುಂಬಿಕೊಡುತ್ತದೆ. ನೆನಪೆಂಬುದು ಯಾವಾಗಲೂ ನಮ್ಮ ಪರವಾಗಿಯೇ ವಾದಿಸುವ ವಕೀಲ ಎಂಬುದು ವಯಸ್ಸಾದಂತೆ ಗೊತ್ತಾಗುತ್ತಿದೆ. ಹೀಗಾಗಿ ಎಲ್ಲಿ ದಿನಚರಿಯ ಆಧಾರವಿದೆ, ಎಲ್ಲಿ ಬರೀ ನೆನಪಿದೆ ಎಂಬುದನ್ನು ಆದಷ್ಟು ಹೇಳುತ್ತ ಹೋಗುತ್ತೇನೆ.

ಒಂದು ವಾಕ್ಯ ಮಾತ್ರ ಎರಡು ಕಡೆಯೂ ಇಲ್ಲ. ಸಿದ್ದಾಪುರದಲ್ಲಿ ಅಕ್ಕನ ಮನೆಯ ಹೊಲಿಗೆ ಯಂತ್ರದ ಪಕ್ಕ ಕೂತು ನಾನು ಹೇಳಿದ ಒಂದು ವಾಕ್ಯ. ಅದರಿಂದ ಅಕ್ಕನ ಆಯುಷ್ಯದಲ್ಲಿ ಮೂರು ತಿಂಗಳು ಆಚೀಚೆಯಾಯಿತೋ ಇಲ್ಲವೋ ಎಂಬುದೇ ನನ್ನ ವೃತ್ತಿಜೀವನದ ದೊಡ್ಡ ಪ್ರಶ್ನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಕೇಳಿದ್ದು ಪೆಪ್ಟೈಡ್ ಮಾಡುವುದು ಹೇಗೆ ಎಂದು. ಅದನ್ನೂ ಹೇಳುತ್ತೇನೆ.

ನಾನು ಶಿರಸಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ತೊಂಬತ್ತರ ದಶಕದ ನಡುವಿನಲ್ಲಿ, ನನಗೆ ಪಿಎಚ್.ಡಿ. ಮಾರ್ಗದರ್ಶಕರಾಗಿದ್ದ ಪಾಟೀಲ ಸರ್ ಧಾರವಾಡದಿಂದ ಒಂದು ದಿನ ಬಂದು, ನಮ್ಮ ಪ್ರಯೋಗಾಲಯದ ಹಿಂದಿದ್ದ ಉಗ್ರಾಣವನ್ನು ನೋಡಿದರು. ಒಡೆದ ಬೀಕರು, ಹಳೆಯ ತಕ್ಕಡಿ, ಹಲ್ಲಿ ಇದ್ದ ಕೋಣೆ.

"ಇದನ್ನ ಖಾಲಿ ಮಾಡ್ಸವಾ. ಇಲ್ಲೇ ಪೆಪ್ಟೈಡ್ ಮಾಡೂಣು."

"ಇಲ್ಲೇನಾ ಸರ್? ಯಂತ್ರ ಎಲ್ಲಿದೆ?"

"ಯಂತ್ರ ಯಾಕ ಬೇಕ? ಎರಡ ಕೈ ಅದಾವಿಲ್ಲೋ? ಹೊಗಿ ಹೋಗಾಕ ಒಂದ ಫ್ಯಾನ್, ಒಂದ ಗಾಜಿನ ಬುಂಡೆ, ಮತ್ತ ತಾಳ್ಮಿ. ನಿಮ್ಮ ಊರ ಮಂದಿಗೆ ತಾಳ್ಮಿ ಭಾಳ ಅಂತ ಕೇಳೀನಿ."

ಅವರ ಯೋಜನೆ ಹೀಗಿತ್ತು. ನಮ್ಮ ದೇಹದ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತಲೇ ಇರುತ್ತವೆ. ಪಾಠದಲ್ಲಿ ನಾನು ಇದನ್ನು ಹೇಳುತ್ತಿದ್ದದ್ದು ನಮ್ಮ ಕಡೆಯ ಕೂಗಿನ ಹೋಲಿಕೆಯಿಂದ. ಗುಡ್ಡದ ಈ ತಲೆಯಲ್ಲಿ ಒಬ್ಬ "ಕೂ" ಎಂದರೆ ಆ ತಲೆಯವನು ಕೇಳಿ ಮುಂದಿನವನಿಗೆ "ಕೂ" ಎನ್ನುತ್ತಾನೆ, ಕೊನೆಗೆ ಕೆಳಗಿನ ಮನೆಯಲ್ಲಿ ಊಟಕ್ಕೆ ಎಲೆ ಹಾಕುತ್ತಾರೆ. ಜೀವಕೋಶಕ್ಕೂ "ಬೆಳೆ, ಎರಡಾಗು" ಎಂಬ ಕೂಗು ಹೊರಗಿನಿಂದ ಬರುತ್ತದೆ. ಅದನ್ನು ಕೇಳಿಸಿಕೊಳ್ಳುವ ಕಿವಿಯಂಥ ಪ್ರೋಟೀನು ಅದರ ಮೈಮೇಲಿರುತ್ತದೆ. ಕೆಲವು ಕ್ಯಾನ್ಸರುಗಳಲ್ಲಿ ಈ ಕೂಗು ನಿಲ್ಲುವುದೇ ಇಲ್ಲ, ಅಥವಾ ಕಿವಿಗಳೇ ಹೆಚ್ಚಾಗಿಬಿಡುತ್ತವೆ. ಆ ಕಿವಿಗೆ ಸರಿಯಾಗಿ ಕೂರುವ ಒಂದು ಪುಟ್ಟ ಬೆಣೆ ಮಾಡಿ ಇಟ್ಟರೆ ಕೂಗು ಒಳಗೆ ಹೋಗದು. ನಾವು ಮಾಡಬೇಕಾಗಿದ್ದ ಪೆಪ್ಟೈಡು ಆ ಬೆಣೆ. ಪ್ರೋಟೀನಿನ ಸಣ್ಣ ತುಂಡು, ಹತ್ತು ಹನ್ನೆರಡು ಅಮೈನೋ ಆಮ್ಲಗಳನ್ನು ಮಣಿಗಳಂತೆ ಕ್ರಮವಾಗಿ ಪೋಣಿಸಿದ ಸರ.

ಪೋಣಿಸುವ ಕೆಲಸ ನಮ್ಮ ಉಗ್ರಾಣದಲ್ಲಿ. ಸರ ಶುದ್ಧವಾಗಿದೆಯೇ ಎಂಬ ಪರೀಕ್ಷೆ ಧಾರವಾಡದ ಸರ್ ವಿಭಾಗದಲ್ಲಿ. ಕ್ಯಾನ್ಸರ್ ಜೀವಕೋಶಗಳ ಮೇಲೆ ಅದರ ಪರೀಕ್ಷೆ ದೂರದ ದೊಡ್ಡ ಊರಿನ ಒಂದು ಸಂಶೋಧನಾಲಯದಲ್ಲಿ. ಅಲ್ಲಿ ಆ ಕೆಲಸ ಮಾಡುತ್ತಿದ್ದವಳು ಲತಾ ಎಂಬ ತಂತ್ರಜ್ಞೆ.

ಪೋಣಿಸುವ ವಿಧಾನದ ಬಗ್ಗೆ ಈಗಿನವರಿಗೆ ನಗು ಬರಬಹುದು. ಮೊದಲ ಮಣಿಯನ್ನು ರೆಸಿನ್ ಎಂಬ ಪ್ಲಾಸ್ಟಿಕ್ಕಿನಂಥ ವಸ್ತುವಿನ ಸಣ್ಣ ಕಾಳುಗಳಿಗೆ ಅಂಟಿಸಬೇಕು. ಎರಡನೆಯದನ್ನು ಹಾಕಿ ಎರಡು ತಾಸು ಬುಂಡೆಯನ್ನು ತೂಗಬೇಕು. ತೂಗುತ್ತಿದ್ದವನು ನಮ್ಮ ಅಟೆಂಡರ್ ನಾಗಪ್ಪ, ನನಗಿಂತ ಹತ್ತು ವರ್ಷ ದೊಡ್ಡವನು. ಕುರ್ಚಿಯಲ್ಲಿ ಕೂತು ಕಾಲಮೇಲೆ ಬುಂಡೆ ಇಟ್ಟುಕೊಂಡು ಅದನ್ನು ಆಚೆ ಈಚೆ ಮಾಡುತ್ತಿದ್ದ. "ನಮ್ಮನೆ ನಾಕು ಮಕ್ಕಳನ್ನೂ ನಾನು ಇಷ್ಟು ತೂಗಿಲ್ಲ ಮೇಡಂ" ಎನ್ನುವನು. ಆಮೇಲೆ ಒಂದೆರಡು ಕಾಳು ತೆಗೆದು ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಹಾಕಿ ಕಾಯಿಸಿ ನೋಡುವುದು. ನೀಲಿಯಾದರೆ ಜೋಡಣೆ ಪೂರ್ತಿಯಾಗಿಲ್ಲ, ಮತ್ತೆ ತೂಗು. ಬಣ್ಣ ಬರದಿದ್ದರೆ ತೊಳೆದು ಮುಂದಿನ ಮಣಿ. ಹನ್ನೆರಡು ಮಣಿಗೆ ಎರಡು ವಾರ ಹಿಡಿಯುತ್ತಿತ್ತು. ಆ ನಿನ್‌ಹೈಡ್ರಿನ್ ಬೆರಳಿಗೆ ತಾಗಿ ನೇರಳೆ ಕಲೆಯಾಗುತ್ತಿತ್ತು. ಅಕ್ಕ ಅದನ್ನು ನೋಡಿ, "ಕೂಸೆ, ಕಾಲೇಜಿಲಿ ಪಾಠ ಮಾಡ್ತ್ಯೋ, ನೇರಳೆಹಣ್ಣು ಕದೀತ್ಯೋ?" ಎಂದಿದ್ದಳು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಭಾವ ಸಿದ್ದಾಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದಳು. ಸಿದ್ದಾಪುರದ ಅರ್ಧ ಊರಿನ ಕುಬಸದ ಅಳತೆ ಅವಳ ಬಾಯಲ್ಲಿತ್ತು. ಓದು ಹತ್ತನೇ ತರಗತಿಗೆ ನಿಂತರೂ ನಾನು ಏನು ಮಾಡುತ್ತಿದ್ದೇನೆ ಎಂದು ನಮ್ಮ ಮನೆಯಲ್ಲಿ ಸರಿಯಾಗಿ ಕೇಳಿ ತಿಳಿದುಕೊಂಡವಳು ಅವಳೊಬ್ಬಳೇ.

ಈಗ ತಪ್ಪಿನ ಕಥೆಗೆ ಬರುತ್ತೇನೆ.

ಸರ ಪೋಣಿಸಿ ಮುಗಿದ ಮೇಲೆ ಅದನ್ನು ರೆಸಿನ್ನಿನಿಂದ ಬಿಡಿಸಲು ಟ್ರೈಫ್ಲೂರೋಅಸಿಟಿಕ್ ಎಂಬ ಬಲವಾದ ಆಮ್ಲ ಹಾಕುತ್ತೇವೆ. ಅಪ್ಪೆಹುಳಿ, ವಿನೆಗರು ಎಲ್ಲ ಅದರ ಮುಂದೆ ಸಾಧು. ಬಿಡಿಸಿದ ಪೆಪ್ಟೈಡನ್ನು ಈಥರಿನಲ್ಲಿ ತೊಳೆದು, ನೀರಿನಲ್ಲಿ ಕರಗಿಸಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸಬೇಕು. ನೀರಿನ ಜೊತೆ ಉಳಿದ ಆಮ್ಲವೂ ಹೋಗುತ್ತದೆ. ಸರಿಯಾಗಿ ಹೋಗಬೇಕಾದರೆ ಮತ್ತೆ ನೀರು ಹಾಕಿ ಎರಡನೇ ಸಲ, ಮೂರನೇ ಸಲ ಒಣಗಿಸಬೇಕು. ಒಣಗಿಸುವ ಯಂತ್ರ ಧಾರವಾಡದಲ್ಲಿ ಹಳತಾಗಿ ಬಿಟ್ಟದ್ದು, ಸರ್ ನಮಗೆ ಕಳಿಸಿದ್ದರು. ಅದಕ್ಕೆ ಒಂದು ರಾತ್ರಿ ಒಂದು ಹಗಲು ತಡೆಯಿಲ್ಲದ ಕರೆಂಟು ಬೇಕು. ಶಿರಸಿಯಲ್ಲಿ ಆಗ ಲೋಡ್ ಶೆಡ್ಡಿಂಗ್.

ಮೊದಲ ಪೆಪ್ಟೈಡು ಒಣಗುವಾಗ ನಡುವೆ ಎರಡು ಸಲ ಕರೆಂಟು ಹೋಯಿತು. ಇದು ದಿನಚರಿಯಲ್ಲಿದೆ. ಮತ್ತೆ ಹೆಪ್ಪುಗಟ್ಟಿಸಿ ಮತ್ತೆ ಹಚ್ಚಿದೆವು. ಕೊನೆಗೆ ಸೀಸೆಯಲ್ಲಿ ಅರಳಿದ ಹತ್ತಿಯಂಥ ಬಿಳಿಯ ಪುಡಿ ಕಂಡಿತು. ಎರಡನೇ ಸಲ ನೀರು ಹಾಕಿ ಒಣಗಿಸುವುದನ್ನು ನಾನು ಬಿಟ್ಟೆ. ಮಾರನೆಯ ದಿನ ಸಂಶೋಧನಾಲಯಕ್ಕೆ ಕಳಿಸಲೇಬೇಕೆಂದು ಸರ್ ಫೋನು ಮಾಡಿದ್ದರು. ಇದು ದಿನಚರಿಯಲ್ಲಿಲ್ಲ. ಫೋನು ಬಂದಿತ್ತೆಂದೇ ನೆನಪು, ಆದರೆ ಅದು ನನ್ನ ವಕೀಲನ ನೆನಪೂ ಇರಬಹುದು.

ನಾಗಪ್ಪ ಸೀಸೆಯ ಬಿರಡೆ ತೆಗೆದು ಮೂಸಿದ.

"ಇನ್ನೂ ಮೂಗಿಗೆ ಹೊಡೀತದೆ ಮೇಡಂ."

"ನಿಂಗೆ ಎಲ್ಲದೂ ಹೊಡೀತದೆ ನಾಗಪ್ಪ. ಮೊನ್ನೆ ನನ್ನ ಡಬ್ಬಿ ತಂಬುಳಿನೂ ಮೂಗಿಗೆ ಹೊಡೀತದೆ ಅಂದಿದ್ದೆ."

ಅವನು ನಕ್ಕು ಬಿರಡೆ ಹಾಕಿದ. ದಿನವಿಡೀ ಆ ಆಮ್ಲದ ಹೊಗೆಯಲ್ಲಿದ್ದ ನನ್ನ ಮೂಗು ಸತ್ತಿತ್ತು. ದಿನಕ್ಕೆರಡು ಸಲ ಹೊರಗೆ ಹೋಗಿ ಐಸ್‌ಕ್ಯಾಂಡಿ ಕಾರ್ಖಾನೆಯಿಂದ ಐಸು ತರುತ್ತಿದ್ದ ನಾಗಪ್ಪನ ಮೂಗು ಬದುಕಿತ್ತು. ಇಷ್ಟು ಸರಳವಾದದ್ದು ನನಗೆ ಹೊಳೆಯಲಿಲ್ಲ.

ಇಂಥ ಪರೀಕ್ಷೆಯಲ್ಲಿ ಹೋಲಿಕೆಗೆಂದು ಇನ್ನೊಂದು ಪೆಪ್ಟೈಡ್ ಬೇಕು. ಅವೇ ಮಣಿಗಳು, ಆದರೆ ಕ್ರಮ ಕಲಸಿದ್ದು. ಕಿವಿಗೆ ಕೂರದ ಬೆಣೆ ಅದು. ನಿಜವಾದದ್ದು ಕೆಲಸ ಮಾಡಿ, ಕಲಸಿದ್ದು ಮಾಡದಿದ್ದರೆ ಮಾತ್ರ ನಂಬಬಹುದು. ಕಲಸಿದ್ದನ್ನು ಸರ್ ತಮ್ಮ ವಿದ್ಯಾರ್ಥಿಯಿಂದ ಧಾರವಾಡದಲ್ಲೇ ಮಾಡಿಸಿದ್ದರು. ಅಲ್ಲಿ ಹೊಸ ಯಂತ್ರ, ಜನರೇಟರು. ಅದು ಮೂರು ಸಲ ಒಣಗಿ ಬಂದಿತ್ತು.

ಓದುತ್ತಿರುವವರಲ್ಲಿ ಜಾಣರಿಗೆ ಮುಂದಿನದು ಗೊತ್ತಾಗಿರಬೇಕು. ನಮಗೆ ಗೊತ್ತಾಗಲಿಲ್ಲ.

ಮೂರು ವಾರದ ಮೇಲೆ ಸಂಶೋಧನಾಲಯದಿಂದ ಫಲಿತಾಂಶ ಬಂತು. ನಮ್ಮ ಪೆಪ್ಟೈಡ್ ಹಾಕಿದ ಗುಳಿಗಳಲ್ಲಿ ಕ್ಯಾನ್ಸರ್ ಜೀವಕೋಶಗಳು ಸತ್ತಿದ್ದವು. ಕಲಸಿದ್ದು ಹಾಕಿದ ಗುಳಿಗಳಲ್ಲಿ ಆರಾಮವಾಗಿ ಬೆಳೆದಿದ್ದವು. ಗುಳಿ ಎಂದರೆ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಲಾಗಿ ಇರುವ ಚಿಕ್ಕ ಕುಳಿಗಳು, ಪಗಡೆಯ ಮನೆಗಳ ಹಾಗೆ. ಪಾಟೀಲ ಸರ್ ಫೋನಿನಲ್ಲಿ ಸ್ವಲ್ಪ ಹೊತ್ತು ನಕ್ಕರು. ನಾನು ಶನಿವಾರ ಮಧ್ಯಾಹ್ನದ ಬಸ್ಸಿಗೆ ಸಿದ್ದಾಪುರಕ್ಕೆ ಹೋದೆ.

ಆ ದಿನದ ದಿನಚರಿ ಇಷ್ಟು: "ಅಕ್ಕನ ಮನೆ. ಫಲಿತಾಂಶ ಹೇಳಿದೆ. ಕೇಸರಿಬಾತ್ ಮಾಡಿದಳು."

ಅಕ್ಕ ಯಂತ್ರದ ಮುಂದೆ ಕೂತು ಯಾರದೋ ಕುಬಸಕ್ಕೆ ತೋಳು ಸೇರಿಸುತ್ತಿದ್ದಳು.

"ಎಂತ ಕೂಸೆ, ಮುಖ ಹಿಂಗೆ ಅರಳಿದ್ದು?"

"ಅಕ್ಕ, ಯಂಗಳ ಮದ್ದು ಹಾಕಿದ್ದಕ್ಕೆ ಕ್ಯಾನ್ಸರಿನ ಜೀವಕೋಶ ಸತ್ತೋತು. ಪೂರಾ."

ಯಂತ್ರದ ಗಾಲಿ ನಿಂತಿತು. ಇದು ನನಗೆ ಖಂಡಿತ ನೆನಪಿದೆ, ಏಕೆಂದರೆ ಅಕ್ಕ ಮಾತಾಡುತ್ತಲೇ ತುಳಿಯುವವಳು.

"ಎಲ್ಲಿ? ಜನರ ಮೈಯಲ್ಲಿಯಾ?"

"ಅಲ್ಲ, ತಟ್ಟೇಲಿ."

"ತಟ್ಟೇಲಿ ಸತ್ತಿದ್ದು ಜನರ ಮೈಯಲ್ಲಿ ಸಾಯಲೆ ಎಷ್ಟು ದಿನ ಬೇಕು?"

ನಾನು ಏನೋ ಉತ್ತರ ಹೇಳಿದೆ. ಆ ಉತ್ತರವೇ ಕಾಣೆಯಾದ ವಾಕ್ಯ. "ಹತ್ತು ಹದಿನೈದು ವರ್ಷ ಬೇಕು, ಬಂದರೂ ಬಂತು, ಇಲ್ಲದಿದ್ದರೆ ಇಲ್ಲ" ಎಂಬುದು ಸರಿಯಾದ ಉತ್ತರ. ನನಗೆ ಆಗಲೂ ಗೊತ್ತಿದ್ದ ಉತ್ತರ. ಅದನ್ನೇ ಹೇಳಿದ್ದೆನೇ? ಅಥವಾ ಆ ದಿನದ ಹುರುಪಿನಲ್ಲಿ "ಇನ್ನೆಂತ ಅಕ್ಕ, ಬಂದೇಬಿಟ್ಟಿತು" ಎಂದೆನೇ? ನನ್ನ ಸ್ವಭಾವ ಬಲ್ಲ ನನಗೆ ಎರಡನೆಯದರ ಮೇಲೇ ಅನುಮಾನ. ಅಕ್ಕ ಮತ್ತೇನೂ ಕೇಳಲಿಲ್ಲ. ಎದ್ದು ಹೋಗಿ ರವೆ ಹುರಿದಳು.

ಎರಡನೇ ಸಲ ಮಾಡಿದ ಪೆಪ್ಟೈಡ್ ಯಾವ ಕೆಲಸವನ್ನೂ ಮಾಡಲಿಲ್ಲ. ಈ ಸಲ ಕರೆಂಟು ಸರಿಯಾಗಿತ್ತು, ನಾನು ಎರಡು ಸಲ ಒಣಗಿಸಿದ್ದೆ. ಆರು ವಾರ ನಾವು ಎರಡನೆಯದನ್ನೇ ಬೈದೆವು. ಮಣಿಯೊಂದು ತಪ್ಪಿರಬೇಕು, ಜೀವಕೋಶಗಳು ಬದಲಾಗಿರಬೇಕು, ಲತಾ ಅಳತೆ ತಪ್ಪಿರಬೇಕು. ಗೆದ್ದ ಫಲಿತಾಂಶವನ್ನು ಯಾರೂ ವಿಚಾರಣೆಗೆ ಕರೆಯುವುದಿಲ್ಲ, ಸೋತದ್ದನ್ನೇ ಕಟಕಟೆಗೆ ನಿಲ್ಲಿಸುತ್ತೇವೆ. ಅಷ್ಟರಲ್ಲಿ ಸರ್ ಒಂದು ಸಮ್ಮೇಳನಕ್ಕೆ ನಮ್ಮ ಮೊದಲ ಫಲಿತಾಂಶದ ಸಾರಾಂಶವನ್ನು ಕಳಿಸಿಯೂ ಬಿಟ್ಟಿದ್ದರು.

ಕೊನೆಗೆ ಮೊದಲನೆಯದರಲ್ಲಿ ಉಳಿದಿದ್ದ ಚೂರನ್ನೂ ಎರಡನೆಯದನ್ನೂ ಕೈಚೀಲದಲ್ಲಿಟ್ಟುಕೊಂಡು ನಾನೇ ಸಂಶೋಧನಾಲಯಕ್ಕೆ ಹೋದೆ. ಲತಾಳನ್ನು ಅದುವರೆಗೆ ನೋಡಿರಲಿಲ್ಲ. ಚಿಕ್ಕ ಮೈಯ, ದಪ್ಪ ಕನ್ನಡಕದ ಹೆಂಗಸು. ಜೀವಕೋಶಗಳನ್ನು ಬೆಳೆಸುವ ದ್ರವ ತಿಳಿಗೆಂಪಾಗಿರುತ್ತದೆ. ಅವಳು ಎರಡನೆಯ ಪೆಪ್ಟೈಡ್ ಹಾಕಿದಳು. ಏನೂ ಆಗಲಿಲ್ಲ. ಮೊದಲನೆಯದರ ಹೆಚ್ಚಿನ ಪ್ರಮಾಣ ಹಾಕಿದಳು. ನನ್ನ ಕಣ್ಣೆದುರೇ ಗುಳಿಗಳು ಒಂದೊಂದಾಗಿ ಹಳದಿಗೆ ತಿರುಗಿದವು.

"ಲತಾ, ಇದು ಯಾವಾಗಲೂ ಹೀಗಾಗ್ತದಾ?"

"ಇದಕ್ಕೆ ಆಗ್ತದೆ ಮೇಡಂ. ಮೊದಲ ಸಲನೂ ಆಗಿತ್ತು."

"ನೀವು ಹೇಳಲಿಲ್ಲ?"

"ಬರೆದಿದ್ದೆನಲ್ಲ." ಅವಳು ತನ್ನ ನೋಟ್‌ಬುಕ್ಕು ತೆಗೆದು ತೋರಿಸಿದಳು. ಅಂದಿನ ಪುಟದ ಅಂಚಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ದ್ರವ ಹಳದಿ. "ನಿಮಗೆ ಬರೀ ಅಂಕಿ ಪಟ್ಟಿ ಕಳಿಸ್ತಾರೆ. ನನ್ನ ಪುಸ್ತಕ ಯಾರೂ ಕೇಳಲಿಲ್ಲ."

ಆ ದ್ರವದಲ್ಲಿ ಹುಳಿ ಹೆಚ್ಚಾದರೆ ಹಳದಿಯಾಗುವ ಬಣ್ಣವೊಂದಿರುತ್ತದೆ. ಬಿ.ಎಸ್ಸಿ. ಮಕ್ಕಳಿಗೆ ಪ್ರತಿ ವರ್ಷ ನಾನು ಕಲಿಸುವ ಪಾಠ. ಆಮ್ಲ ಅಳೆಯುವ ಕಾಗದದ ಚೂರೊಂದನ್ನು ಅದ್ದಿದೆವು. ಕಾಲು ಗಂಟೆಯಲ್ಲಿ ಮೂರು ತಿಂಗಳ ಸಂತೋಷ ಮುಗಿಯಿತು. ಸತ್ತ ಜೀವಕೋಶಗಳು ನಮ್ಮ ಬೆಣೆಯಿಂದ ಸತ್ತಿರಲಿಲ್ಲ. ಸರಿಯಾಗಿ ಒಣಗದೆ ಉಳಿದ ಆಮ್ಲದಿಂದ ಸತ್ತಿದ್ದವು. ಧಾರವಾಡದ ಪರೀಕ್ಷೆ ಸರದ ಮಣಿಗಳನ್ನು ಮಾತ್ರ ನೋಡುತ್ತಿತ್ತು, ಉಳಿದ ಆಮ್ಲವನ್ನಲ್ಲ. ನಾಗಪ್ಪನ ಮೂಗಿಗೆ ಹೊಡೆದದ್ದೇ ಅದು.

ಎಸ್.ಟಿ.ಡಿ. ಬೂತಿನಿಂದ ಪಾಟೀಲ ಸರ್‌ಗೆ ಫೋನು ಮಾಡಿದೆ.

"ಸರ್, ಅದು ಆಮ್ಲ."

"ಪೆಪ್ಟೈಡ್ ಅಲ್ಲ?"

"ಅಲ್ಲ ಸರ್."

"ಊಟಾ ಮಾಡೀಯೇನ್?" ಎಂದರು.

"ಇಲ್ಲ."

"ಮದಲ ಊಟಾ ಮಾಡು. ನಾ ಇವತ್ತ ಸಮ್ಮೇಳನದವರಿಗೆ ಪತ್ರ ಬರೀತೀನಿ, ವಾಪಸ್ ತಗೋತೀವಿ ಅಂತ. ಸುಳ್ಳ ಹೇಳಿ ಸಿಕ್ಕೊಂಡಿಲ್ಲವಾ, ತಪ್ಪ ಮಾಡಿ ಸಿಕ್ಕೊಂಡೀವಿ. ಎರಡೂ ಒಂದ ಅಲ್ಲ. ಅವಸರಾ ಮಾಡಿದಾಂವ ನಾನು, ಅದನ್ನೂ ಬರೀತೀನಿ."

ನಾನು ಕಂಡ ಮೇಲಧಿಕಾರಿಗಳಲ್ಲಿ ತಮ್ಮ ಪಾಲಿನ ತಪ್ಪನ್ನು ತಾವೇ ಕಾಗದದಲ್ಲಿ ಬರೆದವರು ಇವರೊಬ್ಬರೇ. ಹಾಗಾಗಿ ಅವಸರ ಮಾಡಿದ ಆ ಮೊದಲ ಫೋನಿನ ವಿಷಯವನ್ನು ನಾನು ನೆನಪಿನಿಂದ ಸೃಷ್ಟಿಸಿಕೊಂಡಿಲ್ಲ ಎಂದು ಒಮ್ಮೊಮ್ಮೆ ಧೈರ್ಯವಾಗುತ್ತದೆ.

ಅಲ್ಲಿಂದ ಬಂದವಳು ಮನೆಗೂ ಹೋಗದೆ ಸಿದ್ದಾಪುರದ ಬಸ್ಸು ಹತ್ತಿದೆ. ದುಃಖವನ್ನು ಹೇಳಿಕೊಳ್ಳಲು ಹೋದದ್ದೇ ಹೊರತು ಬೇರೆ ಯೋಚನೆ ನನಗಿರಲಿಲ್ಲ. ಇಷ್ಟರಮಟ್ಟಿಗೆ ನಾನು ಕುರುಡಿಯಾಗಿದ್ದೆ.

"ಅಕ್ಕ, ಓಕುಳಿ ನೀರಿಗೆ ಲಿಂಬೆ ಹಿಂಡಿರೆ ಎಂತಾಗ್ತು?" ಎಂದು ಶುರುಮಾಡಿದೆ. ಅರಿಸಿನ, ಸುಣ್ಣ ಕದಡಿ ಆರತಿಗೆ ಕೆಂಪು ನೀರು ಮಾಡುವುದರಲ್ಲಿ ಅಕ್ಕನದು ಪಳಗಿದ ಕೈ.

"ಕೆಂಪು ಹೋಗಿ ಹಳದಿ ಆಗ್ತು. ನಿನ್ನ ಮದುವೆ ದಿನವೇ ಆಗಿತ್ತಲೇ. ಪಾನಕಕ್ಕೆ ಲಿಂಬೆ ಹಿಂಡಿದ ಕೈಯನ್ನೇ ಯಾರೋ ಹರಿವಾಣಕ್ಕೆ ಅದ್ದಿ, ಆರತಿ ಹೊತ್ತಿಗೆ ಬರೀ ಅರಿಸಿನದ ನೀರು. ಎಂತಕ್ಕೆ?"

"ಯಂಗಳ ತಟ್ಟೇಲೂ ಅದೇ ಆದ್ದು." ಎಲ್ಲವನ್ನೂ ಹೇಳಿದೆ. ನಾಗಪ್ಪನ ಮೂಗು, ಲತಾಳ ನೋಟ್‌ಬುಕ್ಕು, ಎಲ್ಲ.

ಅಕ್ಕ ಗಮನವಿಟ್ಟು ಕೇಳಿದಳು. "ಅಂದ್ರೆ ಕೊಂದದ್ದು ನಿನ್ನ ಮದ್ದಲ್ಲ, ಹುಳಿ."

"ಹೌದು."

"ಹುಳಿ ಹೊಯ್ದರೆ ಎಂತಾ ಜೀವವೂ ಸಾಯ್ತು. ಅದಕ್ಕೆ ಪಿಎಚ್.ಡಿ. ಎಂತಕ್ಕೆ ಬೇಕಾಗಿತ್ತು?"

ಇಬ್ಬರೂ ನಕ್ಕೆವು. ಭಾವನೂ ಬಾಗಿಲಲ್ಲಿ ನಿಂತು ನಕ್ಕರು. ನಗು ನಿಂತ ಮೇಲೆ ಅಕ್ಕ ಹೊಲಿಗೆ ಯಂತ್ರದ ಡ್ರಾಯರು ಎಳೆದು, ಗುಂಡಿಗಳ ಡಬ್ಬಿಯ ಅಡಿಯಿಂದ ಮಡಿಸಿದ ಒಂದು ಚೀಟಿ ತೆಗೆದು ನನ್ನ ಕೈಗೆ ಕೊಟ್ಟಳು.

"ಹಂಗಾರೆ ಹುಬ್ಬಳ್ಳಿಗೆ ಹೋಪನ. ನೀನೂ ಬಾ."

ಶಿರಸಿಯ ಡಾಕ್ಟರೊಬ್ಬರ ಚೀಟಿ. ಎಡ ಮೊಲೆಯಲ್ಲಿ ಗಂಟು ಇದೆ, ತಡಮಾಡದೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ ತೋರಿಸಬೇಕು, ಬಹುಶಃ ಆಪರೇಷನ್ ಬೇಕಾಗುತ್ತದೆ ಎಂದು ಬರೆದಿದ್ದರು. ಭಾವ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಸಲ ಓದಿದರು. "ಯಂಗೂ ಇವತ್ತೇ ಗೊತ್ತಾದ್ದು" ಎಂದವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು.

ಮನೆಗೆ ಬಂದು ದಿನಚರಿ ತೆಗೆದು ನೋಡಿದೆ. ಚೀಟಿಯ ತಾರೀಕು ನಾನು ಸಂತೋಷದ ಸುದ್ದಿ ಹೇಳಲು ಹೋದ ಶನಿವಾರಕ್ಕಿಂತ ಒಂಬತ್ತು ದಿನ ಮೊದಲಿನದು.

ಅಕ್ಕ ಮೂರು ತಿಂಗಳು ಕಾದದ್ದೇಕೆ? ಹೊಲಿಗೆ ಕಲಿಯುವ ಹುಡುಗಿಯರಿಗೆ ಪರೀಕ್ಷೆ ಇತ್ತು. ನಡುವೆ ದೀಪಾವಳಿ ಬಂತು. ಹೆದರಿಕೆಯೂ ಇದ್ದಿರಬೇಕು, ಆ ವಯಸ್ಸಿನ ಹೆಂಗಸರು ಇದನ್ನು ಗಂಡನಿಗೂ ಹೇಳದೆ ಮುಚ್ಚಿಟ್ಟುಕೊಳ್ಳುವುದನ್ನು ಆಮೇಲೆ ಎಷ್ಟೋ ಕಡೆ ನೋಡಿದ್ದೇನೆ. ಇವೆಲ್ಲ ನನ್ನ ವಕೀಲ ಮಂಡಿಸುವ ಕಾರಣಗಳು. ನಿಂತ ಯಂತ್ರದ ಗಾಲಿಯೂ, ಆ ಪ್ರಶ್ನೆಯೂ ಇನ್ನೊಂದು ಕಾರಣ ಹೇಳುತ್ತವೆ.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಕಂಕುಳಿನ ಗಂಟುಗಳಿಗೂ ಹಬ್ಬಿದೆ ಎಂದರು. ನಾನು ಡಾಕ್ಟರನ್ನು ವರಾಂಡದಲ್ಲಿ ತಡೆದು, ಮೂರು ತಿಂಗಳ ಹಿಂದೆ ಬಂದಿದ್ದರೆ ಎಂದು ಕೇಳಿದೆ. "ಅದನ್ನ ಯಾರೂ ಹೇಳಾಕ ಆಗಂಗಿಲ್ರಿ. ಈಗ ಬಂದಾರಲ್ಲ, ಅದನ್ನ ನೋಡ್ರಿ" ಎಂದರು. ಆಮೇಲೆ ತಿಂಗಳುಗಟ್ಟಲೆ ಔಷಧಿ. ಕೂದಲು ಉದುರಿತು. ಅಕ್ಕ ತಾನೇ ಹೊಲಿದುಕೊಂಡ ಹೂವಿನ ಟೊಪ್ಪಿಗೆ ಹಾಕಿಕೊಂಡು ವಾರ್ಡಿನ ಇನ್ನೂ ನಾಲ್ಕು ಹೆಂಗಸರಿಗೆ ಅಂಥದನ್ನೇ ಹೊಲಿದುಕೊಟ್ಟಳು.

ಆ ವರ್ಷ ನಾನು ಈ ಕೆಲಸ ಬಿಡಬೇಕೆಂದಿದ್ದೆ. ಬಿಡದಂತೆ ಮಾಡಿದ್ದು ಒಂದು ಸಣ್ಣ ಫಲಿತಾಂಶ. ನಿಜವಾದದ್ದು, ಕಲಸಿದ್ದು ಎರಡನ್ನೂ ನಮ್ಮ ಉಗ್ರಾಣದಲ್ಲೇ, ಒಂದೇ ಬುಟ್ಟಿಯ ಮಣಿಗಳಿಂದ ಮಾಡಿ, ಒಂದೇ ಯಂತ್ರದಲ್ಲಿ ಮೂರು ಸಲ ಒಣಗಿಸಿದೆವು. ಕೊನೆಯ ಪರೀಕ್ಷೆ ನಾಗಪ್ಪನದು. "ಹೂಂ, ಈಗ ಏನೂ ಇಲ್ಲ ಮೇಡಂ, ಹಿಟ್ಟಿನ ಹಾಗೆ" ಎಂದ ಮೇಲೆಯೇ ಬಿರಡೆ. ಅಂಕಿಪಟ್ಟಿಯ ಜೊತೆ ತನ್ನ ನೋಟ್‌ಬುಕ್ಕಿನ ಪುಟಗಳನ್ನೂ ಜೆರಾಕ್ಸ್ ಮಾಡಿಸಿ ಕಳಿಸಬೇಕೆಂದು ಲತಾಗೆ ಬರೆದೆ. ಈ ಸಲ ಜೀವಕೋಶಗಳು ಸಾಯಲಿಲ್ಲ, ಆದರೆ ಬೆಳೆಯುವುದು ನಿಧಾನವಾಯಿತು. ಕಲಸಿದ್ದು ಹಾಕಿದ ಗುಳಿಗಳಲ್ಲಿ ಹಾಗಾಗಲಿಲ್ಲ. ಮೂರು ಸಲ ಮಾಡಿದರೂ ಅದೇ. ಲತಾಳ ಪುಟದ ಅಂಚಿನಲ್ಲಿ ಬರೆದಿತ್ತು: ದ್ರವ ಕೆಂಪಾಗಿಯೇ ಇದೆ.

ಕೂಗು ಪೂರ್ತಿ ನಿಂತಿರಲಿಲ್ಲ, ಸ್ವಲ್ಪ ಕಿವಿ ಮಂದವಾಗಿತ್ತು, ಅಷ್ಟೆ. ಆದರೆ ಅದು ನಿಜ. ಮೊದಲ ಸಲ ಕೇಸರಿಬಾತ್ ತಿಂದದ್ದಕ್ಕಿಂತ ಹೆಚ್ಚಿನ ಸಂತೋಷ ನನಗೆ ಇದರಿಂದ ಆಯಿತು. ಈ ಸಲ ಯಾರ ಮನೆಗೂ ಹೇಳಲು ಹೋಗಲಿಲ್ಲ.

ಮುಂದಿನ ತೊಡಕು ರಕ್ತದ್ದು. ಪೆಪ್ಟೈಡನ್ನು ಕಂಡರೆ ರಕ್ತ ಅದನ್ನು ಆಹಾರದ ತುಂಡೆಂದು ತಿಳಿದು ಕತ್ತರಿಸಿಬಿಡುತ್ತದೆ. ನನ್ನದೇ ರಕ್ತ ತೆಗೆಸಿ, ತಿಳಿ ಬೇರ್ಪಡಿಸಿ, ಅದರಲ್ಲಿ ಪೆಪ್ಟೈಡ್ ಹಾಕಿ ನೋಡಿದೆ. ಎರಡು ವಾರ ತೂಗಿ ಮಾಡಿದ್ದನ್ನು ನನ್ನ ರಕ್ತ ಅರ್ಧ ತಾಸಿನೊಳಗೆ ಚೂರು ಮಾಡಿ ಮುಗಿಸಿತು. ಸರದ ಎರಡು ತುದಿ ತೆರೆದಿರುವುದೇ ತೊಂದರೆ, ಕತ್ತರಿ ಅಲ್ಲಿಂದಲೇ ಶುರುವಾಗುತ್ತದೆ. ಎರಡು ತುದಿಯನ್ನೂ ಸೇರಿಸಿ ಉಂಗುರ ಮಾಡಿದರೆ? ಈ ಉಪಾಯ ನಮ್ಮದಲ್ಲ, ಬೇರೆಯವರು ಮೊದಲೇ ಮಾಡಿದ್ದರು. ಆದರೆ ನಮ್ಮ ಸರವನ್ನು ಎಲ್ಲಿ ಸೇರಿಸಬೇಕು ಎಂಬುದನ್ನು ಕಂಡುಹಿಡಿಯಲು ನಾಲ್ಕು ವರ್ಷ ಬೇಕಾಯಿತು. ಅಷ್ಟರಲ್ಲಿ ಎರಡು ಸಾವಿರನೇ ಇಸವಿ ದಾಟಿತ್ತು. ಬುಂಡೆ ತೂಗುವ ಯಂತ್ರ ಬಂದು ನಾಗಪ್ಪನ ಕಾಲಿಗೆ ವಿಶ್ರಾಂತಿ ಸಿಕ್ಕಿತು. ಪತ್ರದ ಬದಲು ಶಿರಸಿ ಪೇಟೆಯ ಸೈಬರ್ ಕೆಫೆಯಲ್ಲಿ ಕೂತು ಲತಾಳ ಮೇಲ್ ಓದತೊಡಗಿದೆ.

ಉಂಗುರದ ಪೆಪ್ಟೈಡನ್ನು ರಕ್ತದ ತಿಳಿಯಲ್ಲಿ ಬೇರೆ ಬೇರೆ ಹೊತ್ತು ಇಟ್ಟು ತೆಗೆದ ಹತ್ತು ಸೀಸೆಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಐಸಿನ ನಡುವೆ ಇಟ್ಟುಕೊಂಡು ಧಾರವಾಡಕ್ಕೆ ಹೊರಟಿದ್ದೆ. ಬಸ್ಸು ಯಲ್ಲಾಪುರದಲ್ಲಿ ಕೆಟ್ಟು ನಿಂತಿತು. ಬಿಸಿಲು. ಒಂದೂವರೆ ತಾಸಿಗೆ ಐಸೆಲ್ಲ ನೀರಾಯಿತು. ಬೆಚ್ಚಗಾದರೆ ರಕ್ತದ ಕತ್ತರಿಗಳು ಮತ್ತೆ ಕೆಲಸ ಶುರು ಮಾಡಬಹುದು, ಆಗ ಲೆಕ್ಕಕ್ಕೆ ಅರ್ಥವಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲುಗಳಲ್ಲಿ ಐಸು ಕೇಳಿದೆ, ಇಲ್ಲ. ಅಷ್ಟರಲ್ಲಿ ಅರಬೈಲ್ ಘಟ್ಟ ಹತ್ತಿ ಬಂದ ಮೀನಿನ ಲಾರಿಯೊಂದು ಚಾ ಕುಡಿಯಲು ನಿಂತಿತು. ಹಿಂದಿನಿಂದ ತಣ್ಣೀರು ತೊಟ್ಟಿಕ್ಕುತ್ತಿತ್ತು.

ನಾನು ಮೀನು ಮುಟ್ಟದ ಮನೆಯವಳು. ನಿಜ ಹೇಳುತ್ತೇನೆ, ಐದು ನಿಮಿಷ ಸುಮ್ಮನೆ ನಿಂತಿದ್ದೆ. ಒಂದು ಸಲ ಮೂಗಿನ ಮಾತು ಕೇಳದೆ ಕೆಟ್ಟಿದ್ದೆ, ಈ ಸಲ ಮೂಗಿನ ಮಾತು ಕೇಳಿದರೆ ಕೆಡುತ್ತೇನೆ ಎನಿಸಿತು. ಹೋಗಿ ಕೇಳಿದೆ. ಚಾಲಕ ಪೆಟ್ಟಿಗೆಯನ್ನೂ ನನ್ನನ್ನೂ ನೋಡಿದ.

"ಭಟ್ರ ಮನೆ ಅಮ್ಮ ಕಾಣ್ತೀರಿ. ಇದು ಬಂಗಡೆ ಐಸು, ಅಡ್ಡಿಲ್ವಾ?"

"ಅಡ್ಡಿಲ್ಲ. ಔಷಧಿಗೆ."

"ಔಷಧಿಗೆ ಅಂದ್ರೆ ತಗಳ್ಳಿ. ಯಾರಿಗೂ ಹೇಳೂದಿಲ್ಲ ನಾನು" ಎಂದು ನಗುತ್ತ ಪೆಟ್ಟಿಗೆ ತುಂಬಿಸಿದ.

ಧಾರವಾಡದಲ್ಲಿ ಪಾಟೀಲ ಸರ್ ಪೆಟ್ಟಿಗೆ ತೆರೆದು ಹಿಂದಕ್ಕೆ ಸರಿದರು. "ಏನ್ ವಾ ಇದು, ಪೆಪ್ಟೈಡ್ ತಂದೀಯೋ ಸಂತೀ ಮಾಡ್ಕೊಂಡ್ ಬಂದೀಯೋ?" ಸೀಸೆಗಳು ತಣ್ಣಗಿದ್ದವು. ಸಂಜೆಯ ಹೊತ್ತಿಗೆ ಯಂತ್ರದ ಕಾಗದದ ಮೇಲೆ ಗೆರೆಗಳು ಬಂದವು. ಆರು ತಾಸಿನ ಸೀಸೆಯಲ್ಲೂ ಉಂಗುರ ಮುರಿಯದೆ ಇತ್ತು.

ಆ ಉಂಗುರ ಔಷಧಿಯಾಯಿತೇ? ಇಲ್ಲ. ನಮಗಿಂತ ದೊಡ್ಡ ಪ್ರಯೋಗಾಲಯವೊಂದು ಅದನ್ನು ತೆಗೆದುಕೊಂಡು ಇಲಿಗಳವರೆಗೆ ಒಯ್ದಿತು, ಅಲ್ಲಿ ಅದರ ಶಕ್ತಿ ಸಾಲಲಿಲ್ಲ. ಆದರೆ ಎಲ್ಲಿ ಸೇರಿಸಿದರೆ ಉಂಗುರ ಉಳಿಯುತ್ತದೆ ಎಂಬ ನಮ್ಮ ಪುಟ್ಟ ತಿಳಿವಳಿಕೆಯನ್ನು ಮುಂದಿನವರು ಬಳಸಿದರು, ಅವರದನ್ನು ಅವರ ಮುಂದಿನವರು. ಈಗ ಪೆಪ್ಟೈಡ್ ಔಷಧಿಗಳು ಆಸ್ಪತ್ರೆಗಳಲ್ಲಿವೆ, ಕೆಲವು ಬಗೆಯ ಕ್ಯಾನ್ಸರಿಗೂ ಇವೆ. ಅವುಗಳಲ್ಲಿ ನಮ್ಮದೇನೂ ಇಲ್ಲ. ಆದರೂ ಪೇಟೆಯ ಔಷಧಿ ಅಂಗಡಿಯಲ್ಲಿ ಅಂಥ ಡಬ್ಬಿ ಕಂಡಾಗ ನಾಗಪ್ಪನ ಕಾಲಮೇಲೆ ತೂಗುತ್ತಿದ್ದ ಬುಂಡೆ ನೆನಪಾಗುತ್ತದೆ. ಇದನ್ನೂ ಕೂಗಿನ ಹಾಗೆಯೇ ನೋಡಬೇಕು. ಕೆಳಗಿನ ಮನೆಗೆ ಸುದ್ದಿ ಮುಟ್ಟಿದಾಗ ನಡುವೆ ಕೂಗಿದವರ ಹೆಸರು ಯಾರೂ ಕೇಳುವುದಿಲ್ಲ. ಸುದ್ದಿ ಮುಟ್ಟಿತಲ್ಲ.

ಹೊಸಬರು ಬುದ್ಧಿಮಾತು ಕೇಳಿದರೆ ನನ್ನಲ್ಲಿರುವುದು ಬಹಳ ಕಡಿಮೆ. ಹೋಲಿಕೆಯ ಪೆಪ್ಟೈಡನ್ನು ಅದೇ ಬುಂಡೆಯಲ್ಲಿ, ಅದೇ ಕೈಯಲ್ಲಿ ಮಾಡಿ. ತಂತ್ರಜ್ಞರ ನೋಟ್‌ಬುಕ್ಕಿನ ಅಂಚನ್ನು ಓದಿ. ಮನೆಯಲ್ಲಿ ಯಾರಾದರೂ "ಎಷ್ಟು ದಿನ ಬೇಕು" ಎಂದು ಕೇಳಿದರೆ, ಉತ್ತರ ಹೇಳುವ ಮೊದಲು "ಯಾಕೆ ಕೇಳುತ್ತೀ" ಎಂದು ಒಮ್ಮೆ ಕೇಳಿ. ನಾನು ಕೇಳಲಿಲ್ಲ.

ಅಕ್ಕ ಇದ್ದಾಳೆ. ಆಪರೇಷನ್ ಆಗಿ ಇಪ್ಪತ್ತು ವರ್ಷಗಳ ಮೇಲಾಯಿತು. ಕಂಕುಳಿನ ಗಂಟುಗಳನ್ನು ತೆಗೆದದ್ದರಿಂದ ಎಡಗೈ ಬಾತುಕೊಂಡೇ ಇರುತ್ತದೆ, ಯಂತ್ರ ತುಳಿದು ಬಟ್ಟೆ ಎಳೆಯಲು ಆಗುವುದಿಲ್ಲ. ಈಗ ಹುಕ್ಕು, ಗುಂಡಿ ಇಂಥ ಕೈಹೊಲಿಗೆ ಮಾತ್ರ. ಭಾವ ತೀರಿಕೊಂಡ ಮೇಲೆ ವರ್ಷದಲ್ಲಿ ಆರು ತಿಂಗಳು ಶಿರಸಿ ಹತ್ತಿರದ ಇಸಳೂರಿನ ನನ್ನ ಮನೆಯಲ್ಲಿರುತ್ತಾಳೆ. ಅಕ್ಕಪಕ್ಕದ ಹೊಸ ಮನೆಗಳ ಹೆಂಗಸರು ಕೆಲಸಕ್ಕೆ ಹೊರಡುವ ಮೊದಲು ಸ್ಕೂಟರು ನಿಲ್ಲಿಸಿ ಕುಬಸ ಕೊಟ್ಟುಹೋಗುತ್ತಾರೆ, ಸಂಜೆ ಒಯ್ಯುತ್ತಾರೆ. ಅವಳಿಗೆ ಸಮಯ ಸಾಲುವುದಿಲ್ಲ.

ಇದನ್ನು ಬರೆಯಲು ಕೂತ ಮೇಲೆ, ಕಳೆದ ವಾರ, ಅಂಗಳದಲ್ಲಿ ಎಳೆಬಿಸಿಲಿಗೆ ಕೂತು ಹುಕ್ಕು ಹಾಕುತ್ತಿದ್ದವಳ ಹತ್ತಿರ ಹೋಗಿ ಕೂತೆ. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ.

"ಅಕ್ಕ, ಆ ಶನಿವಾರ ನೀನು ಎಷ್ಟು ದಿನ ಬೇಕು ಹೇಳಿ ಕೇಳ್ದಾಗ, ಆನು ಎಂತ ಹೇಳಿದ್ದೆ?"

ಅಕ್ಕ ತಲೆಯೆತ್ತಲಿಲ್ಲ. ಹಾಕಿದ ಹುಕ್ಕನ್ನು ಒಮ್ಮೆ ಎಳೆದು ನೋಡಿ, ದಾರ ಕಚ್ಚಿ ಕಡಿದು, ಸೂಜಿಯನ್ನೂ ದಾರದ ಉಂಡೆಯನ್ನೂ ನನ್ನ ಕೈಗೆ ಕೊಟ್ಟಳು.

"ಪೋಣಿಸಿ ಕೊಡು. ಕಣ್ಣು ಕಾಣ್ತಿಲ್ಲೆ."

ಪೋಣಿಸಿ ಕೊಟ್ಟೆ. ಮಾರನೆಯ ದಿನವೂ ಪೋಣಿಸಿ ಕೊಟ್ಟು, ಪಕ್ಕದಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ.